‘ರಿ’ ಹಚ್ಚಿ ಮಾತಾಡಿದ ಪೊಲೀಸರು

ನಾನು ಹರಿಹರದ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಬೆಳಗ್ಗೆ ಸ್ಕೂಟಿ ಹತ್ತಿ ಹಳೇ ಪಿ.ಬಿ. ರಸ್ತೆ ಹಿಡಿದು ಹೋಗುವುದು, ಸಂಜೆ ಅದೇ ರಸ್ತೆಯಲ್ಲಿ ವಾಪಸು ಬರುವುದು. ಏಕವಚನ, ಬಹುವಚನ, ಗೌರವಕ್ಕೆ ಬಳಸುವ ಬಹುವಚನ ಎಂದು ಬಿಡಿಸಿ ಬಿಡಿಸಿ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಈ ವಿದ್ಯೆಯಿಂದ ಮಕ್ಕಳಿಗೆ ಎಷ್ಟು ಲಾಭವಾಗಿದೆಯೋ ಕಾಣೆ. ನಮ್ಮ ಮನೆಗೆ ಆದ ನಷ್ಟವನ್ನು ಮಾತ್ರ ಹೇಳಬಲ್ಲೆ.

ಆ ರಸ್ತೆಯಲ್ಲಿ ಒಂದು ಬಿಳಿ ಕಾರು ನಿಲ್ಲುತ್ತಿತ್ತು. ಮೈಮೇಲೆ ಒಂದು ಅಕ್ಷರವಿಲ್ಲ, ನೆತ್ತಿಯ ಮೇಲೆ ದೀಪವಿಲ್ಲ. ಗಾಜಿಗೆ ಕಪ್ಪು ಹಾಳೆ ಇತ್ತು, ನಾವು ಅಂಟಿಸಿಕೊಂಡರೆ ದಂಡ ಬೀಳುವಂಥದ್ದು. ಒಂದು ದಿನ ಬೇವಿನ ಮರದ ಮರೆಗೆ ನಿಂತರೆ, ಇನ್ನೊಂದು ದಿನ ಮುಚ್ಚಿದ ಎಗ್ ರೈಸ್ ಗಾಡಿಯ ಹಿಂದೆ. ಜನರ ಜೀವ ಉಳಿಸಲು ಸರ್ಕಾರ ಇಷ್ಟು ಕಷ್ಟಪಟ್ಟು ಬಚ್ಚಿಟ್ಟುಕೊಳ್ಳುವುದನ್ನು ನೋಡಿ ಯಾರ ಕರುಳಾದರೂ ಚುರ್ ಎನ್ನಬೇಕು. ಎದುರಿನಿಂದ ಬರುವ ಬೈಕಿನವರು ಅಂಗೈಯಿಂದ ತಲೆ ತಟ್ಟಿಕೊಂಡು ತೋರಿಸುತ್ತಿದ್ದರು. ಮುಂದೆ ಪೊಲೀಸರಿದ್ದಾರೆ, ಹೆಲ್ಮೆಟ್ ಹಾಕಿಕೋ ಎಂದು ಅರ್ಥ. ಊರಿಗೆ ಹೊಸಬರಾದವರು, ಇದೇನು ಇಷ್ಟೊಂದು ಜನ ತಲೆ ಚಚ್ಚಿಕೊಂಡು ಬರುತ್ತಿದ್ದಾರೆ ಎಂದುಕೊಂಡರೆ ಅದು ಅವರ ತಪ್ಪಲ್ಲ. ಗುರುತಿಲ್ಲದವರು ಒಬ್ಬರಿಗೊಬ್ಬರು ಮಾಡುವ ಉಪಕಾರ ನಮ್ಮಲ್ಲಿ ಇದೊಂದೇ ಉಳಿದಿತ್ತು.

ಆ ದಿನ ಯಾರೂ ನನಗೆ ತಲೆ ತಟ್ಟಿ ತೋರಿಸಲಿಲ್ಲ. ಹೆಲ್ಮೆಟ್ ನನ್ನ ಹತ್ತಿರವೇ ಇತ್ತು, ಆದರೆ ಕಾಲ ಬಳಿಯ ಕೊಕ್ಕೆಯಲ್ಲಿ. ಬಿದ್ದರೆ ಮೊಣಕಾಲಿಗೆ ಏಟಾಗಬಾರದು ನೋಡಿ. ಚೌಕಳಿ ಅಂಗಿ ತೊಟ್ಟ ಐವತ್ತರ ಆಸುಪಾಸಿನ ಗಂಡಸೊಬ್ಬ ಕಾರಿನಿಂದ ಧುಮುಕಿ ನಡುರಸ್ತೆಗೇ ಬಂದು ನಿಂತ.

“ಏಯ್, ಸೈಡಿಗೆ ಹಾಕಮ್ಮ. ಕೀ ಕೊಡು ಇಲ್ಲಿ.”

“ಯಾರು ನೀವು?” ಎಂದೆ.

“ಯಾರಂತೀಯಾ? ಕಣ್ಣು ಕಾಣಲ್ಲೇನು? ಪೊಲೀಸು.”

ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಕಂಡದ್ದು ಒಂದು ಚೌಕಳಿ ಅಂಗಿ ಮತ್ತು ಬಾಯ್ತುಂಬ ಅಡಿಕೆ. ಆದರೂ ಆತ ಪೊಲೀಸನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ತನ್ನ ತಾಯಿಯ ವಯಸ್ಸಿನವರನ್ನೂ ಮಗಳ ವಯಸ್ಸಿನವರನ್ನೂ ಒಂದೇ ತಕ್ಕಡಿಗೆ ಹಾಕಿ ‘ಏಯ್’ ಎನ್ನುವ ಸಮಾನತೆ ಬೇರೆ ಯಾವ ಇಲಾಖೆಗೆ ಬರುತ್ತದೆ? ಆತ ಯಂತ್ರ ಒತ್ತಿ ರಶೀದಿ ಹರಿದು ಕೊಟ್ಟ. ದಂಡದ ಬಗ್ಗೆ ನನ್ನ ತಕರಾರಿರಲಿಲ್ಲ, ತಪ್ಪು ನನ್ನದೇ. ತಕರಾರು ಇದ್ದದ್ದು ಪ್ರತ್ಯಯದ ಬಗ್ಗೆ. ‘ಕೊಡು’ ಎನ್ನುವುದಕ್ಕೆ ಬದಲು ‘ಕೊಡ್ರಿ’ ಎಂದಿದ್ದರೆ ಸರ್ಕಾರದ ಬೊಕ್ಕಸಕ್ಕೆ ಏನು ಕಡಿಮೆಯಾಗುತ್ತಿತ್ತು?

ಮನೆಗೆ ಬಂದು ಅತ್ತೆಯ ಮುಂದೆ ಕೂಗಾಡಿದೆ. ನನ್ನ ಅತ್ತೆಗೆ ಆಗಲೇ ಎಪ್ಪತ್ತೆರಡು ದಾಟಿತ್ತು. ಎಂಥ ಸಿಟ್ಟನ್ನೂ ಅವರೆಕಾಯಿ ಸುಲಿಯುತ್ತಲೇ ಕೇಳಿಸಿಕೊಳ್ಳುವ ಹೆಂಗಸು.

“ಡ್ರೆಸ್ಸಿಲ್ಲ, ಬೋರ್ಡಿಲ್ಲ. ಮಫ್ತಿ ಅಂತೆ, ಮಫ್ತಿ!” ಎಂದೆ.

“ಮುಫತ್ ಅಂದ್ರೆ ಪುಕ್ಕಟೆ ಅಲ್ಲೇನು? ಮತ್ತೆ ದಂಡ ಯಾಕ ತಗಂಡ?” ಎಂದರು.

ಅವರು ತವರಿನಲ್ಲಿ ಅಂಗಡಿ ವ್ಯಾಪಾರ ನೋಡಿಕೊಂಡು ಬೆಳೆದವರು. ಸಂತೆಪೇಟೆಯ ಮುಫತ್ತೂ ಠಾಣೆಯ ಮಫ್ತಿಯೂ ಅವರ ಕಿವಿಗೆ ಒಂದೇ. ನಾನು ವ್ಯತ್ಯಾಸ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ, ಏಕೆಂದರೆ ನನಗೂ ಆ ಕ್ಷಣಕ್ಕೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಅಂದು ರಾತ್ರಿಯೇ ಊರಿನ ಪತ್ರಿಕೆಯೊಂದರ ಓದುಗರ ಅಂಕಣಕ್ಕೆ ಪತ್ರ ಬರೆದೆ. ಪೊಲೀಸರು ನಾಗರಿಕರನ್ನು ಬಹುವಚನದಲ್ಲಿ ಮಾತಾಡಿಸಬೇಕು, ಆಗ ತಾನೇ ನಂಬಿಕೆ ಬೆಳೆಯುತ್ತದೆ ಎಂದು ಎರಡು ಪುಟ. ಅದರಲ್ಲಿ ಮುಕ್ಕಾಲು ಪಾಲು ಕತ್ತರಿಸಿ ಒಂದು ವಾರದ ನಂತರ ಹಾಕಿದರು. ಪ್ರಾಚಾರ್ಯರು ಅದನ್ನು ಸ್ಟಾಫ್ ರೂಮಿನ ಫಲಕಕ್ಕೆ ಅಂಟಿಸಿದರು. ಇಡೀ ಪೊಲೀಸ್ ಇಲಾಖೆ ಬೆಳಗ್ಗೆ ಎದ್ದು ಮೊದಲು ಓದಿದ್ದು ನನ್ನ ಪತ್ರವನ್ನೇ ಎಂಬ ಭಾವನೆಯಲ್ಲಿ ನಾನು ಹದಿನೈದು ದಿನ ತೇಲಾಡಿದೆ.

ಹಾಗೆ ತೇಲಾಡುತ್ತಿದ್ದಾಗಲೇ ಒಂದು ಭಾನುವಾರ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಗುತ್ತೂರಿಗೆ ಹೊರಟೆ. ಅಲ್ಲಿ ಅವರ ತಂಗಿಯ ಮನೆ. ಈಗ ನನ್ನ ಹೆಲ್ಮೆಟ್ ತಲೆಯ ಮೇಲೇ ಇತ್ತು. ಅತ್ತೆಗೂ ಒಂದು ತಂದಿದ್ದೆ, ಅದನ್ನು ಅವರು ಸೆರಗು ಹೊದ್ದು ಅದರ ಮೇಲೆ ಹಾಕಿಕೊಳ್ಳುತ್ತಿದ್ದರು. ಕೊರಳಲ್ಲಿ ಒಂದು ಬಂಗಾರದ ಸರ, ಅದರ ಜೊತೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಕೂಸಾಗಿದ್ದಾಗ ಕಟ್ಟಿದ್ದು. ದಿನಾ ಬೆಳಗ್ಗೆ ಅದನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಅವರು ಒಂದು ತುತ್ತು ಬಾಯಿಗೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ಸತ್ತ ಮೇಲೂ ಅದು ಅದೇ ಎಡಗೈಯಲ್ಲಿ ಇರಬೇಕು, ಅವರ ಜೊತೆಗೇ ಮಣ್ಣಿಗೆ ಹೋಗಬೇಕು. ಇದನ್ನು ಅವರು ನಾಳಿನ ಅಡಿಗೆಯ ಬಗ್ಗೆ ಹೇಳುವಷ್ಟೇ ಸಲೀಸಾಗಿ ನನಗೆ ಎಷ್ಟೋ ಸಲ ಹೇಳಿದ್ದರು.

ಹರಿಹರ ಇನ್ನೂ ಸ್ವಲ್ಪ ದೂರವಿರುವಾಗ ಬಿಳಿ ಕಾರು ಕಂಡಿತು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ಇಬ್ಬರು. ಒಬ್ಬ ಕೈ ಎತ್ತಿದ. ನಾನು ಶಿಸ್ತಾಗಿ ನಿಲ್ಲಿಸಿದೆ.

“ಅಮ್ಮಾರ, ಗಾಬರಿ ಆಗಬ್ಯಾಡ್ರಿ. ಚೆಕ್ಕಿಂಗ್ ಐತೆ ಅಷ್ಟೆ. ಲೈಸೆನ್ಸ್ ಇದ್ರೆ ಸ್ವಲ್ಪ ತೋರಸ್ರಿ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಗಾಬರಿ ಆಗಬ್ಯಾಡ್‘ರಿ’. ತೋರಸ್‘ರಿ’. ಒಂದೇ ಉಸಿರಿನಲ್ಲಿ ಎರಡು! ಲೈಸೆನ್ಸ್ ನೋಡಿದವನು ಅದನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. “ಎಲ್ರೂ ನಿಮ್ಮಂಗೆ ಇದ್ರೆ ನಮಗೆ ಕೆಲಸಾನೇ ಇರಲ್ರಿ ಮೇಡಂ” ಎಂದ. ನನ್ನ ಪತ್ರ ಕೆಲಸ ಮಾಡಿದೆ ಎಂದುಕೊಂಡೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಯಾರು ನೀವು ಎಂದು ಅಂದು ಆ ಒರಟನನ್ನು ಕೇಳಿದ್ದ ನಾನು, ಈ ಸಜ್ಜನರನ್ನು ಗುರುತಿನ ಚೀಟಿ ಕೇಳಿ ನೋಯಿಸುವುದುಂಟೇ?

ಆಮೇಲೆ ಆತ ದನಿ ತಗ್ಗಿಸಿದ. “ಮುಂದೆ ಸೇತುವೆ ಹತ್ರ ಬೆಳಗ್ಗೆ ಒಬ್ರ ಸರ ಕಿತ್ತಾರ್ರಿ. ದೊಡ್ಡಮ್ಮಾರು ಹಿಂಗೆ ಕೊಳ್ಳಾಗ ಹಾಕ್ಕಂಡು ಹೋಗದು ಬ್ಯಾಡ. ತೆಗೀರಿ, ಪೇಪರ್‌ನಾಗ ಕಟ್ಟಿ ನಿಮ್ಮ ಚೀಲದಾಗೇ ಇಟ್ಟು ಕೊಡ್ತೀವಿ.”

ಅತ್ತೆ ಸರ ತೆಗೆದುಕೊಟ್ಟರು. ಕರಡಿಗೆಯ ಮೇಲೆ ಮಾತ್ರ ಕೈ ಮುಚ್ಚಿಕೊಂಡರು. “ಇದು ಲಿಂಗಪ್ಪಾ. ಇದನ್ನ ತೆಗಿಯಂಗಿಲ್ಲ.”

“ಬೆಳ್ಳಿ ಕಾಣತೈತಲ್ರಿ ದೊಡ್ಡಮ್ಮಾರ. ಕಳ್ಳರಿಗೆ ದೇವರು ದಿಂಡರು ಎಲ್ಲಿ ಗೊತ್ತಾಗತೈತ್ರಿ?” ಎಂದ. ತನ್ನ ವೃತ್ತಿಯ ಬಗ್ಗೆ ಅಷ್ಟು ಪ್ರಾಮಾಣಿಕವಾಗಿ ಮಾತಾಡುವವರು ಕಡಿಮೆ.

ಅತ್ತೆ ನನ್ನ ಮುಖ ನೋಡಿದರು. ಈಗ ನಾನು ಹೇಳಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ, ಮುಚ್ಚಿಟ್ಟು ಯಾವ ಪುರುಷಾರ್ಥವೂ ಇಲ್ಲ. “ಕೊಡ್ರಿ ಅತ್ತೆ. ಎಷ್ಟು ಮರ್ಯಾದೆಯಿಂದ ಕೇಳ್ತಿದಾರೆ ನೋಡ್ರಿ. ನಾನಿದೀನಲ್ಲ” ಎಂದೆ.

ಅವರು ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು. ಶಿವದಾರವನ್ನು ತಲೆಯ ಮೇಲಿಂದ ದಾಟಿಸಿ, ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಆತನ ಅಂಗೈಗೆ ಇಟ್ಟರು. ಆತ ಪೊಟ್ಟಣ ಕಟ್ಟಿ ಚೀಲದೊಳಗೆ ಇಟ್ಟು, “ಹುಷಾರಾಗಿ ಹೋಗಿ ಬರ್ರಿ” ಎಂದು ಕೈಮುಗಿದ. ನಾನೂ ಮುಗಿದೆ.

ಗುತ್ತೂರಿನಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು ಪೊಟ್ಟಣ ಬಿಚ್ಚಿದರೆ ನಾಲ್ಕು ಜಲ್ಲಿಕಲ್ಲು. ಅತ್ತೆ ಅವನ್ನು ಒಂದೊಂದಾಗಿ ಹೊರಳಿಸಿ ನೋಡಿದರು. ತಂಗಿ ಬಡಿಸಿಟ್ಟ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಲ್ಲಿಂದ ನೇರ ಆ ರಸ್ತೆಗೆ ಸಂಬಂಧಪಟ್ಟ ಠಾಣೆಗೆ ಹೋದೆವು. ದೂರು ಬರೆದುಕೊಳ್ಳಲು ಕೂತಿದ್ದ ದಫೇದಾರ ಬೇರೆ ಯಾರೂ ಅಲ್ಲ, ಚೌಕಳಿ ಅಂಗಿಯವನೇ. ಖಾಕಿ ತೊಟ್ಟಿದ್ದ, ಬಾಯಲ್ಲಿ ಅದೇ ಅಡಿಕೆ. ನಾನು ಎಲ್ಲವನ್ನೂ ಹೇಳಿದೆ. ಆತ ಬರೆಯುವುದನ್ನು ನಿಲ್ಲಿಸಿದ.

“ಮರ್ಯಾದೆ ಕೊಟ್ಟು ಮಾತಾಡಿದ್ರಾ?”

“ಹೌದು.”

“ರೀ, ರೀ ಅಂತ?”

“ಹೌದು.”

“ಆಗ್ಲೇ ಗೊತ್ತಾಗಬಾರದೇನಮ್ಮ, ಪೊಲೀಸ್ರಲ್ಲ ಅಂತ! ಓದಿದೋಳು ನೀನು.”

ಹದಿನೇಳು ವರ್ಷ ಪಾಠ ಮಾಡಿದ ನನಗೆ ಯಾರೂ ಇಷ್ಟು ಚೊಕ್ಕವಾಗಿ ವ್ಯಾಕರಣ ಹೇಳಿಕೊಟ್ಟಿರಲಿಲ್ಲ. ಆತ ಮತ್ತೆ ಬರೆಯತೊಡಗಿದ, ಬರೆಯುತ್ತಲೇ ಗಟ್ಟಿಯಾಗಿ ಓದಿದ. “ಬಂಗಾರದ ಸರ ಒಂದು. ಬೆಳ್ಳಿ ಡಬ್ಬಿ ಒಂದು. ಡಬ್ಬಿ ಒಳಗೆ ಕರೀ ಕಲ್ಲು ಒಂದು.”

“ಕಲ್ಲಲ್ಲಪ್ಪ ಅದು” ಎಂದರು ಅತ್ತೆ.

ಆತ ತಲೆ ಎತ್ತಿ ಅವರನ್ನು ನೋಡಿದ. ‘ಕಲ್ಲು’ ಎಂಬುದಕ್ಕೆ ಗೀಟು ಹಾಕಿ ‘ಲಿಂಗ’ ಎಂದು ಬರೆದ. ಆದರೆ ‘ಕೂತ್ಕೋ ಅಜ್ಜಿ, ನಿಂತೇ ಇದೀಯಲ್ಲ’ ಎನ್ನುವಾಗಲೂ ಏಕವಚನ ಬಿಡಲಿಲ್ಲ.

ಮಠದ ಅಯ್ಯನವರು ಮನೆಗೆ ಬಂದು ಹೊಸ ಲಿಂಗ ಕೊಟ್ಟರು. ಅತ್ತೆ ಅದನ್ನು ಪೂಜಿಸಿದರು, ಊಟವನ್ನೂ ಮಾಡಿದರು. ಎಲ್ಲವೂ ಸರಿಹೋಯಿತು ಎಂದುಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ. ಆದರೆ ಒಂದು ಬೆಳಗ್ಗೆ ಪೂಜೆ ಮುಗಿಸಿದವರು ಅಂಗೈಯನ್ನೇ ನೋಡುತ್ತಾ, “ಇದೂ ಶಿವನೇ. ಆದ್ರೆ ನನ್ನ ಕೈ ಇದಕ್ಕೆ ಗೊತ್ತಿಲ್ಲ” ಎಂದರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ, ಜಗಳ ಮಾಡಿ, ಹಗುರಾಗುತ್ತಿದ್ದೆ. ಆ ಸೌಕರ್ಯವನ್ನೂ ಅವರು ಕೊಡಲಿಲ್ಲ.

ಇಲಾಖೆ ಮಾತ್ರ ಕೈಕಟ್ಟಿ ಕೂರಲಿಲ್ಲ. ಕರಪತ್ರ ಹಂಚಿತು. ಸಮವಸ್ತ್ರವಿಲ್ಲದೆ, ಗುರುತಿಲ್ಲದ ವಾಹನದಲ್ಲಿ ಬಂದು ತಡೆಯುವವರನ್ನು ನಂಬಬೇಡಿ, ಅನುಮಾನ ಬಂದರೆ ನಿಲ್ಲಿಸದೆ ಹತ್ತಿರದ ಠಾಣೆಗೆ ಬನ್ನಿ ಎಂದು ಅದರಲ್ಲಿತ್ತು. ಅದನ್ನು ನನ್ನ ಕೈಗೆ ಕೊಟ್ಟವರು ಸಮವಸ್ತ್ರವಿಲ್ಲದೆ, ಗುರುತಿಲ್ಲದ ಬಿಳಿ ಕಾರಿನಲ್ಲಿ ಬಂದು, ಕೈ ಅಡ್ಡ ಹಿಡಿದು ನನ್ನನ್ನು ತಡೆದವರು. ಹೆಲ್ಮೆಟ್ ಇಲ್ಲದೆ ಸಿಕ್ಕವರಿಗೆ ರಶೀದಿಯ ಜೊತೆ ಅದನ್ನೂ ಹಂಚುತ್ತಿದ್ದರು.

ಏಳೆಂಟು ತಿಂಗಳಾದ ಮೇಲೆ ಠಾಣೆಯಿಂದ ಫೋನ್ ಬಂತು. ಆ ಇಬ್ಬರೂ ಬೇರೊಂದು ಜಿಲ್ಲೆಯಲ್ಲಿ ಸಿಕ್ಕಿಬಿದ್ದಿದ್ದರು. ಸರ ಮಾರಿದ್ದರು, ಬೆಳ್ಳಿ ಕರಗಿಸಿದ್ದರು. ಲಿಂಗವನ್ನು ಎಸೆಯಲು ಮಾತ್ರ ಧೈರ್ಯ ಬಂದಿರಲಿಲ್ಲವಂತೆ. ಕಾರಿನ ಮುಂದಿನ ಖಾನೆಯಲ್ಲಿ ಊದಿನಕಡ್ಡಿಯ ಡಬ್ಬದೊಳಗೆ ಅರಿವೆ ಸುತ್ತಿ ಇಟ್ಟುಕೊಂಡೇ ಊರೂರು ತಿರುಗಿದ್ದರು. ಎಷ್ಟಾದರೂ ಮರ್ಯಾದಸ್ಥರು.

ಗುರುತು ಹಿಡಿಯಲು ಅತ್ತೆಯನ್ನು ಕರೆದುಕೊಂಡು ಹೋದೆ. ದಫೇದಾರ ಒಂದು ಪಾರದರ್ಶಕ ಚೀಲವನ್ನು ಮೇಜಿನ ಮೇಲಿಟ್ಟ. ಅದಕ್ಕೆ ಅರಗಿನ ಮುದ್ರೆ, ನಂಬರಿನ ಚೀಟಿ. ಲಿಂಗದ ಒಂದು ಬದಿಗೆ ಅಕ್ಕಿಕಾಳಿನಷ್ಟು ಕರೀ ಲೇಪ ಎದ್ದುಹೋಗಿತ್ತು. ಅತ್ತೆ ಅದನ್ನು ಕಂಡಕೂಡಲೇ ಕೈ ಚಾಚಿದರು.

“ಮುಟ್ಟಂಗಿಲ್ಲ ಅಜ್ಜಿ. ಮುದ್ದೆಮಾಲು ಅದು.”

ಕಳ್ಳರಿಂದ ವಶಪಡಿಸಿಕೊಂಡದ್ದೆಲ್ಲ ಪೊಲೀಸರ ಬಾಯಲ್ಲಿ ಮುದ್ದೆಮಾಲು. ಕೋರ್ಟಿನ ಅಪ್ಪಣೆ ಬರುವವರೆಗೆ ಅದು ಯಾರಿಗೂ ಸೇರಿದ್ದಲ್ಲ. ಅತ್ತೆಗೆ ಈ ಶಬ್ದದಲ್ಲಿ ಕೇಳಿಸಿದ್ದು ಮುದ್ದೆ ಒಂದೇ. ದಾರಿಯುದ್ದಕ್ಕೂ, “ನನ್ನ ಲಿಂಗಕ್ಕೂ ಮುದ್ದಿಗೂ ಏನು ಸಂಬಂಧಾನೇ?” ಎಂದು ಕೇಳುತ್ತಾ ಬಂದರು. ವಶಪಡಿಸಿಕೊಂಡ ಪಟ್ಟಿಯನ್ನು ನಾನು ಓದಿ ನೋಡಿದ್ದೆ. ಕಪ್ಪು ಬಣ್ಣದ ಲಿಂಗ, ಒಂದು. ಬೆಲೆ ಎಂಬ ಖಾನೆಯಲ್ಲಿ ‘ಇಲ್ಲ’ ಎಂದು ಬರೆದಿತ್ತು. ಇದನ್ನು ಅತ್ತೆಗೆ ನಾನು ಹೇಳಲಿಲ್ಲ.

ಕೋರ್ಟಿಗೆ ಅರ್ಜಿ ಹಾಕಿದೆವು. ಒಂದು ಸಲ ಸಾಹೇಬರು ರಜೆ, ಇನ್ನೊಂದು ಸಲ ವಕೀಲರು ರಜೆ, ಮತ್ತೊಂದು ಸಲ ಎಲ್ಲರೂ ಇದ್ದು ಕಡತವೇ ರಜೆ. ಅಷ್ಟರಲ್ಲಿ ಅತ್ತೆ ಎರಡು ಸಲ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಹೃದಯ ಸೋತಿದೆ, ಜೋಪಾನ ಎಂದರು ಡಾಕ್ಟರು. ಮನೆಗೆ ಬಂದು ಮಂಚದ ಮೇಲೆ ಒರಗಿಕೊಂಡವರು, “ನಾ ಹೋಗೋದ್ರಾಗ ಬರತೈತೇನು ಅದು?” ಎಂದು ಕೇಳಿದರು. ಬರುತ್ತೆ ಎಂದೆ. ‘ಎಷ್ಟು ಮರ್ಯಾದೆಯಿಂದ ಕೇಳ್ತಿದಾರೆ’ ಎಂದ ಬಾಯಿಂದಲೇ ಇದನ್ನೂ ಹೇಳಿದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ತಂಗಿಯನ್ನು ನೋಡಬೇಕೆಂದು ಹಟ ಹಿಡಿದರು. ಒಂದು ಶನಿವಾರ ಮಧ್ಯಾಹ್ನ ಮತ್ತೆ ಸ್ಕೂಟಿಯಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರನ್ನು. ಕನ್ನಡಿಯಲ್ಲಿ ನೋಡಿದರೆ ಬಿಳಿ ಕಾರು, ಕಪ್ಪು ಗಾಜು. ಕಿಟಕಿಯಿಂದ ಒಂದು ಕೈ ಹೊರಬಂದು ನಿಲ್ಲಿಸು ಎನ್ನುವಂತೆ ಬೀಸಿತು.

ಕರಪತ್ರ ನನಗೆ ಬಾಯಿಪಾಠವಾಗಿತ್ತು. ನಾನು ನಿಲ್ಲಿಸಲಿಲ್ಲ. ಅವರು ಪಕ್ಕಕ್ಕೆ ಬಂದರು, ನಾನು ಜೋಳದ ಲಾರಿಯೊಂದರ ಎಡಕ್ಕೆ ನುಗ್ಗಿದೆ. ಅವರು ಮತ್ತೆ ಹಾರನ್ನು ಹೊಡೆದರು, ನಾನು ಸಿಗ್ನಲ್ ಕೆಂಪಿದ್ದರೂ ದಾಟಿದೆ. ಅತ್ತೆ ಹಿಂದಿನಿಂದ ನನ್ನ ಸೊಂಟ ಬಿಗಿಹಿಡಿದು “ನಿಧಾನ, ನಿಧಾನ” ಎನ್ನುತ್ತಿದ್ದರು. ಠಾಣೆಯ ಗೇಟಿನೊಳಗೆ ನುಗ್ಗಿ, ಧ್ವಜದ ಕಟ್ಟೆಯ ಹತ್ತಿರ ಸ್ಕೂಟಿ ನಿಲ್ಲಿಸಿದೆ. ಬಿಳಿ ಕಾರೂ ಹಿಂದೆಯೇ ಒಳಗೆ ಬಂತು. ಬಾಗಿಲು ತೆರೆದು ದಫೇದಾರ ಇಳಿದ.

“ಏನಮ್ಮ, ಕಿವಿ ಕೇಳಲ್ಲೇನು ನಿನಗೆ? ಮುದುಕಿನ ಕಟ್ಕಂಡು ಹಂಗೆ ಓಡಿಸ್ತೀಯಲ್ಲ, ಬಿದ್ದು ಸಾಯ್ಬೇಕಂತ ಮಾಡೀಯೇನು? ಕೋರ್ಟಿಂದ ಆರ್ಡರ್ ಬಂದೈತೆ. ನಿಮ್ಮ ಮನೆ ತನಕ ಹೋಗಿದ್ದೆ, ಬೀಗ. ರೋಡಲ್ಲಿ ಕಂಡು ಕೂಗಿದ್ರೆ ಓಡಿಸ್ಕಂಡು ಬರ್ತೀಯ!”

ನಿಜವಾದ ಪೊಲೀಸು ಎಂದು ಆ ಭಾಷೆ ಕೇಳಿದ ಮೇಲೆ ಯಾರಾದರೂ ಹೇಳಬಹುದಿತ್ತು. ಒಳಗೆ ಕರೆದುಕೊಂಡು ಹೋಗಿ ಮೊದಲು ಕೆಂಪು ಸಿಗ್ನಲ್ ದಾಟಿದ್ದಕ್ಕೆ ರಶೀದಿ ಹರಿದ. ಆಮೇಲೆ ಬಾಂಡಿಗೆ ಸಹಿ, ರಿಜಿಸ್ಟರಿಗೆ ಸಹಿ, ಅತ್ತೆಯ ಹೆಬ್ಬೆಟ್ಟು. ಕಪಾಟಿನಿಂದ ಚೀಲ ತಂದು ಅರಗು ಒಡೆದ. ಹಾಗೆಯೇ ಕೊಡುತ್ತಾನೆ ಎಂದುಕೊಂಡರೆ ಆತ ಹೊರಗೆ ಹೋಗಿ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಕೈತೊಳೆದುಕೊಂಡು ಬಂದ. ಬೂಟು ಬಾಗಿಲಾಚೆಗೇ ಬಿಟ್ಟಿದ್ದ. ಲಿಂಗವನ್ನು ಅರಿವೆಯ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಅತ್ತೆಯ ಮುಂದೆ ಬಗ್ಗಿದ.

“ಅಜ್ಜಿ, ಕೈ ಹಿಡೀರಿ. ತಗಳ್ರಿ ನಿಮ್ಮ ಲಿಂಗ” ಎಂದ.

ಅತ್ತೆಯ ಕೈ ಆಗಲೇ ಅರ್ಧ ಮುಂದೆ ಬಂದಿತ್ತು. ಆ ಮಾತು ಕೇಳಿದ್ದೇ ತಡ, ಹಿಂದಕ್ಕೆ ಸರಿಯಿತು. ಅವರು ಆತನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೈಮೇಲೆ ಖಾಕಿ ಇರಲಿಲ್ಲ, ಹಳೇ ಟೀ ಶರ್ಟು.

“ನಿಂದು ಗುರುತಿನ ಚೀಟಿ ಐತೇನಪ್ಪ?” ಎಂದರು.

ಠಾಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ದಫೇದಾರನ ಮುಖ ಒಂದು ಕ್ಷಣ ಕೆಂಪಾಯಿತು. ಏನಾದರೂ ಬಯ್ಯುತ್ತಾನೆ ಎಂದುಕೊಂಡೆ, ಬಯ್ಯಲೆಂದೇ ಆಸೆಪಟ್ಟೆ. ಆತ ಲಿಂಗವನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು, ಹಿಂದಿನ ಜೇಬಿನಿಂದ ಚೀಟಿ ತೆಗೆದು ಅತ್ತೆಯ ಕೈಗೆ ಕೊಟ್ಟ. ಅತ್ತೆಗೆ ಓದಲು ಬರುವುದಿಲ್ಲ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೆ ಇಟ್ಟರು.

“ನೀ ಓದಿ ಹೇಳವ್ವ. ನೀ ಹೇಳಿದ್ರೆ ತಗಂತೀನಿ.”

ಇಷ್ಟಾದ ಮೇಲೂ ನನ್ನನ್ನೇ ಕೇಳಿದರು. ಲಿಂಗ ಕಳೆದವಳನ್ನೇ ಕೇಳಿದರು. ಅಕ್ಷರಗಳು ಕಣ್ಣಲ್ಲಿ ಕಲೆಸಿಹೋದವು, ಒರೆಸಿಕೊಂಡು ಮೊದಲಿನಿಂದ ಓದಿದೆ. ಹೆಸರು, ಹುದ್ದೆ, ನಂಬರು, ರಕ್ತದ ಗುಂಪು, ಕೆಳಗಿನ ಸಹಿ ಯಾರದೆಂಬುದು, ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿದೆ. ಫೋಟೋವನ್ನು ಆತನ ಮುಖದ ಪಕ್ಕಕ್ಕೆ ಹಿಡಿದು ನೋಡಿದೆ. ಆತ ಫೋಟೋ ತೆಗೆಸಿಕೊಳ್ಳುವವನಂತೆ ಅಲುಗಾಡದೆ ನಿಂತಿದ್ದ.

“ತಗಳ್ರಿ ಅತ್ತೆ” ಎಂದೆ.

ಅವರು ಎಡಗೈ ಚಾಚಿದರು.